ಬೆನ್ನಿಂದ ಎರಡು ಸಲ ನೀರು ತೆಗೆಸಿದ್ವಿ: ನಮ್ಮೆಜಮಾನ್ರ ಸಿಜೆಡಿ ಪರೀಕ್ಷೆ ನಡೆದ ಬಗೆ

ನಮ್ಮೆಜಮಾನ್ರಿಗೆ ಬಂದಿದ್ದು ಸಿಜೆಡಿ, ಅಂದ್ರೆ ಕ್ರಾಯ್ಟ್ಸ್‌ಫೆಲ್ಟ್-ಯಾಕೋಬ್ ಡಿಸೀಸ್, ಮಿದುಳನ್ನ ಬೇಗ ಬೇಗ ಹಾಳು ಮಾಡೋ ಅಪರೂಪದ ಕಾಯಿಲೆ. ಹೋದ ವಾರ ಅದನ್ನ ಪರೀಕ್ಷೆ ಮಾಡೋ ಕ್ಲೀವ್‌ಲ್ಯಾಂಡ್ ಸೆಂಟರ್‌ನಿಂದ ಕೊನೇ ರಿಪೋರ್ಟ್ ಬಂತು. ನಮ್ಮೆಜಮಾನ್ರು ಹೋಗಿ ನಾಲ್ಕು ತಿಂಗಳಾಯ್ತು. ಅವ್ರು ಆಸ್ಪತ್ರೇಲಿದ್ದ ದಿನಗಳಲ್ಲಿ ರಾತ್ರಿ ಎಲ್ಲಾ ಫೋನ್ ಹಿಡ್ಕೊಂಡು ಹುಡುಕ್ತಾ ಇದ್ದೆ, ಈ ಕಾಯಿಲೆ ಬಗ್ಗೆ ಕನ್ನಡದಲ್ಲಿ ಮನೆಯವರು ಬರ್ದಿದ್ದು ಒಂದೂ ಸಿಗ್ಲಿಲ್ಲ. ಅತ್ತೆಗೆ, ಮೈದುನಂಗೆ ಎಲ್ಲಾ ನಾನೇ ಓದಿ ನನಗೆ ತಿಳಿದಷ್ಟು ಕನ್ನಡ ಮಾಡಿ ಹೇಳ್ಬೇಕಾಯ್ತು. ನಾಳೆ ಇನ್ಯಾರದೋ ಮನೇಲಿ ಹೀಗಾದ್ರೆ ಅವ್ರಿಗೆ ಸ್ವಲ್ಪನಾದ್ರೂ ದಾರಿ ಕಾಣ್ಲಿ ಅಂತ ನೆನಪಿರೋದನ್ನೆಲ್ಲಾ ಬರೀತಿದ್ದೀನಿ. ನಾನು ಡಾಕ್ಟರ್ ಅಲ್ಲ, ಅದನ್ನ ಮನಸ್ಸಲ್ಲಿಟ್ಕೊಂಡು ಓದಿ.

ನಾವಿರೋದು ಅಮೆರಿಕದ ಮಿಷಿಗನ್‌ನಲ್ಲಿ, ಡೆಟ್ರಾಯ್ಟ್ ಹತ್ರ. ಇಪ್ಪತ್ತಾರು ವರ್ಷ ಆಯ್ತು ಬಂದು. ಮೂಲ ಅರಸೀಕೆರೆ. ಅವ್ರು ಕಾರ್ ಕಂಪನೀಲಿ ಇಂಜಿನಿಯರ್, 59 ವಯಸ್ಸು, ಐದು ವರ್ಷದ ಹಿಂದೆ ಹೃದಯಕ್ಕೆ ಒಂದು ಸ್ಟೆಂಟ್ ಹಾಕಿದ್ರು ಅನ್ನೋದು ಬಿಟ್ರೆ ಬೇರೆ ತೊಂದ್ರೆ ಇರ್ಲಿಲ್ಲ.

2024ರ ವರಮಹಾಲಕ್ಷ್ಮಿ ಹಬ್ಬದ ದಿನ ಮನೆಗೆ ಬಂದವ್ರಿಗೆ ಕಾಫಿ ಬಗ್ಗಿಸಿ ಕೊಡೋಕೆ ಹೋಗಿ ಲೋಟದ ಪಕ್ಕಕ್ಕೆ ಬಗ್ಗಿಸಿದ್ರು. ಒಂದಲ್ಲ, ಮೂರು ಲೋಟಕ್ಕೂ ಹಾಗೇ. ಕನ್ನಡಕದ ನಂಬರ್ ಬದಲಾಗಿರ್ಬೇಕು ಅಂದ್ಕೊಂಡು ಕಣ್ಣಿನ ಡಾಕ್ಟ್ರ ಹತ್ರ ಹೋದ್ವಿ, ಅವ್ರು ಕಣ್ಣು ಚೆನ್ನಾಗೇ ಇದೆ ಅಂದ್ರು, ಆದ್ರೂ ಹೊಸ ಕನ್ನಡಕ ಮಾಡಿಸಿದ್ವಿ, 430 ಡಾಲರ್. ಸೆಪ್ಟೆಂಬರ್‌ನಲ್ಲಿ ಗ್ಯಾರೇಜ್ ಗೋಡೆಗೆ ಕಾರ್ ತಗುಲಿಸಿದ್ರು. ದಸರಾ ಹೊತ್ತಿಗೆ ಬೊಂಬೆ ಕೂರಿಸೋ ಮೆಟ್ಟಿಲು ಎಲ್ಲಿ ಮುಗಿಯತ್ತೆ ಅನ್ನೋದೇ ಅವ್ರಿಗೆ ಗೊತ್ತಾಗ್ತಿರ್ಲಿಲ್ಲ, ಪಟ್ಟದ ಬೊಂಬೆಯನ್ನ ಗಾಳೀಲಿ ಇಟ್ರು, ಬಿದ್ದು ರಾಣಿಯ ಕೈ ಮುರೀತು. ಆಮೇಲೆ ಕುಕ್ಕರ್ ವಿಷಲ್ ಹೊಡೆದ್ರೆ ಸಾಕು ಮೈಯೆಲ್ಲಾ ಝಲ್ ಅಂತ ಬೆಚ್ಚಿಬೀಳೋಕೆ ಶುರುವಾಯ್ತು. ಕಣ್ಣಿಂದ ಶುರುವಾಗೋ ಸಿಜೆಡಿ ಒಂದಿದೆ, ಅದ್ರಲ್ಲಿ ಕಣ್ಣು ಸರಿ ಇರತ್ತೆ ಆದ್ರೆ ಕಂಡಿದ್ದನ್ನ ಅರ್ಥ ಮಾಡ್ಕೊಳ್ಳೋ ಮಿದುಳಿನ ಭಾಗ ಮೊದ್ಲು ಹೋಗತ್ತೆ ಅಂತ ಆಮೇಲೆ ಗೊತ್ತಾಯ್ತು. ಆಗ ಗೊತ್ತಿದ್ರೆ ಎರಡು ತಿಂಗಳು ಕನ್ನಡಕ ಕನ್ನಡಕ ಅಂತ ಓಡಾಡ್ತಿರ್ಲಿಲ್ಲ.

ಅಕ್ಟೋಬರ್ 28ಕ್ಕೆ ಆಸ್ಪತ್ರೆಗೆ ಸೇರಿಸಿದ್ವಿ. ಎಂಆರ್‌ಐ ಮಾಡಿದ್ರು, ಮಿದುಳಿನ ಹೊರಪದರದ ಮಡಿಕೆ ಉದ್ದಕ್ಕೂ ರಿಬ್ಬನ್ ಥರ ಬೆಳ್ಳಗೆ ಕಾಣ್ತಿದೆ ಅಂದ್ರು. ಆವತ್ತು ಮೊದಲ ಸಲ ನ್ಯೂರಾಲಜಿಸ್ಟ್ ಬಾಯಲ್ಲಿ ಸಿಜೆಡಿ ಅನ್ನೋ ಮೂರಕ್ಷರ ಕೇಳಿದ್ದು. ಮಿದುಳಲ್ಲಿ ಎಲ್ರಿಗೂ ಇರೋ ಪ್ರಿಯಾನ್ ಅನ್ನೋ ಪ್ರೋಟೀನ್ ತನ್ನ ಮಡಿಕೆ ತಪ್ಪಿ ಪಕ್ಕದ್ದನ್ನೂ ಕೆಡಿಸ್ತಾ ಹೋಗತ್ತೆ, ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಒಬ್ರಿಗೋ ಇಬ್ರಿಗೋ ಬರತ್ತೆ, ಔಷಧಿ ಇಲ್ಲ, ಹೆಚ್ಚಿನವರು ಒಂದು ವರ್ಷದೊಳಗೇ ಹೋಗ್ತಾರೆ ಅಂದ್ರು. ಆದ್ರೆ ಇದೇ ಥರ ಕಾಣಿಸ್ಕೊಳ್ಳೋ, ವಾಸಿಯಾಗೋ ಕಾಯಿಲೆಗಳೂ ಇವೆ, ದೇಹದ ರಕ್ಷಣಾ ಶಕ್ತಿನೇ ಮಿದುಳಿನ ಮೇಲೆ ತಿರುಗಿಬೀಳೋ ಆಟೋಇಮ್ಯೂನ್ ಎನ್ಸೆಫಲೈಟಿಸ್, ಇನ್ಫೆಕ್ಷನ್, ಬಿ12 ಕೊರತೆ, ಅವನ್ನೆಲ್ಲಾ ಮೊದ್ಲು ನೋಡ್ಬೇಕು, ಅದಕ್ಕೆ ಬೆನ್ನಿಂದ ನೀರು ತೆಗೀಬೇಕು ಅಂದ್ರು. ಆ "ವಾಸಿಯಾಗೋ" ಅನ್ನೋ ಒಂದು ಮಾತಿಗೆ ನಾನು ಹದಿನೈದು ದಿನ ಜೋತುಬಿದ್ದೆ.

ಆ ನೀರು ಅಂದ್ರೆ ಮಿದುಳು, ಬೆನ್ನುಹುರಿ ಸುತ್ತ ಇರೋ ದ್ರವ. ಸೊಂಟದ ಹತ್ರ, ಎರಡು ಮೂಳೆ ಮಧ್ಯೆ ಸೂಜಿ ಹಾಕಿ ತೆಗೀತಾರೆ, ಲಂಬಾರ್ ಪಂಕ್ಚರ್ ಅಂತಾರೆ. ಬೆನ್ನುಹುರಿ ಅದಕ್ಕಿಂತ ಮೇಲೇ ಮುಗಿದಿರತ್ತೆ, ಹಾಗಾಗಿ ಸೂಜಿ ಹುರಿಗೆ ಚುಚ್ಚಲ್ಲ. ಅತ್ತೆ ಫೋನಲ್ಲಿ "ನೀರು ತೆಗೆದ್ರೆ ಖಾಲಿ ಆಗೋದಿಲ್ವಾ ಮಗಾ, ಲಕ್ವ ಹೊಡೆಯೋದಿಲ್ವಾ" ಅಂತ ಅತ್ರು. ದೊಡ್ಡವ್ರ ಮೈಲಿ ಸುಮಾರು 150 ಎಂಎಲ್ ಇರತ್ತೆ, ದಿನಕ್ಕೆ ಅರ್ಧ ಲೀಟರ್ ಹತ್ರ ಹೊಸದಾಗಿ ಊರ್ತಾನೇ ಇರತ್ತೆ, ಇವ್ರು ತೆಗೆಯೋದು ಒಂದೆರಡು ಚಮಚ ಅಂತ ಡಾಕ್ಟ್ರು ಹೇಳಿದ್ದನ್ನೇ ಹೇಳ್ದೆ. ನಿಮ್ಮನೇಲೂ ಇದನ್ನೇ ಕೇಳ್ತಾರೆ, ನೆನಪಿಟ್ಕೊಳ್ಳಿ.

ಮೊದಲ ಅಡ್ಡಿ ಸ್ಟೆಂಟ್‌ಗೆ ಅಂತ ತಗೋತಿದ್ದ ಕ್ಲೋಪಿಡೋಗ್ರೆಲ್ ಮಾತ್ರೆ. ರಕ್ತ ಹೆಪ್ಪುಗಟ್ಟದ ಹಾಗೆ ಮಾಡೋ ಮಾತ್ರೆ ಅದು, ಅದು ಮೈಯಲ್ಲಿರುವಾಗ ಸೂಜಿ ಹಾಕಿದ್ರೆ ಒಳಗೆ ರಕ್ತ ಸೋರಬಹುದು. ಹೃದಯದ ಡಾಕ್ಟ್ರ ಒಪ್ಪಿಗೆ ತಗೊಂಡು ಒಂದು ವಾರ ನಿಲ್ಲಿಸ್ಬೇಕಾಯ್ತು. ನಿಮ್ಮವರು ಇಂಥ ಮಾತ್ರೆ ತಗೋತಿದ್ರೆ ಆಸ್ಪತ್ರೆಗೆ ಸೇರಿದ ದಿನಾನೇ ಹೇಳಿ, ನಾವು ಎರಡನೇ ದಿನ ಹೇಳಿದ್ದಕ್ಕೆ ಒಂದು ದಿನ ಹೋಯ್ತು. ನೀವಾಗೇ ನಿಲ್ಲಿಸೋಕೆ ಮಾತ್ರ ಹೋಗ್ಬೇಡಿ.

ನವೆಂಬರ್ 6, ಬುಧವಾರ. ಒಪ್ಪಿಗೆ ಪತ್ರಕ್ಕೆ ಅವ್ರೇ ಸಹಿ ಹಾಕಿದ್ರು. ಅಮೆರಿಕಕ್ಕೆ ಬಂದ ಮೇಲೂ ಅವ್ರ ಸಹಿ ಕನ್ನಡದಲ್ಲೇ, ಬ್ಯಾಂಕಲ್ಲಿ ಕೇಳಿದ್ರೂ ಬದಲಾಯಿಸ್ಲಿಲ್ಲ. ಆವತ್ತು ಅಕ್ಷರ ಒಂದರ ಮೇಲೊಂದು ಹತ್ತಿ ಗೆರೆ ಬಿಟ್ಟು ಮೇಲಕ್ಕೆ ಹೋಗಿತ್ತು. ಅದೇ ಅವ್ರ ಕೊನೇ ಸಹಿ ಅಂತ ನನಗಾಗ ಗೊತ್ತಿರ್ಲಿಲ್ಲ. ಅದಕ್ಕೇ ಹೇಳ್ತೀನಿ, ಅನುಮಾನ ಬಂದ ವಾರಾನೇ ಅವ್ರ ಪರವಾಗಿ ನೀವು ತೀರ್ಮಾನ ತಗೊಳ್ಳೋಕೆ ಬೇಕಾದ ಪವರ್ ಆಫ್ ಅಟಾರ್ನಿ ಪತ್ರ, ಬ್ಯಾಂಕು, ಆಸ್ಪತ್ರೆಯವರು ನಿಮ್ಮ ಹತ್ರ ರಿಪೋರ್ಟ್ ಬಗ್ಗೆ ಮಾತಾಡ್ಬಹುದು ಅನ್ನೋ ಫಾರ್ಮ್, ಎಲ್ಲಕ್ಕೂ ಸಹಿ ಮಾಡಿಸ್ಕೊಳ್ಳಿ, ಕೆಟ್ಟದ್ದನ್ನ ಯೋಚಿಸ್ದಂಗಾಗತ್ತೆ ಅಂತ ಸಂಕೋಚ ಪಡ್ಬೇಡಿ. ಈ ಕಾಯಿಲೇಲಿ ಎರಡು ವಾರ ಅಂದ್ರೆ ಬೇರೆ ಕಾಯಿಲೇಲಿ ಎರಡು ವರ್ಷ ಇದ್ದಂಗೆ.

ಹಾಸಿಗೆ ಮೇಲೇ ಮಗ್ಗಲಾಗಿ ಮಲಗಿಸಿ ಮಂಡಿ ಎದೆಗೆ ತಗಲೋ ಹಾಗೆ ಬಗ್ಗಿಸಿದ್ರು. ಅವ್ರಿಗೆ ಹಳೇ ಡಿಸ್ಕ್ ತೊಂದ್ರೆ, ಜೊತೆಗೆ ಮೈ ಬೆಚ್ಚಿಬೀಳೋದು ಬೇರೆ. ಮಾಡಿದ್ದು ಇನ್ನೂ ಕಲೀತಿದ್ದ ಚಿಕ್ಕ ವಯಸ್ಸಿನ ಡಾಕ್ಟ್ರು. ನಾಲ್ಕು ಸಲ ಚುಚ್ಚಿದ್ರು. ಪ್ರತಿ ಸಲ ಇವ್ರು "ಅಮ್ಮಾ" ಅಂದಾಗ ನನ್ನ ಹೊಟ್ಟೆ ಒಳಗೆ ಯಾರೋ ಹಿಂಡಿದಂಗಾಗ್ತಿತ್ತು. ಕೊನೆಗೆ ಹನಿ ಹನಿಯಾಗಿ ಬಂತು, ಆದ್ರೆ ಬಂದಿದ್ದು ಕೆಂಪಗೆ. ನಾಲ್ಕು ಟ್ಯೂಬಲ್ಲೂ ದಾಳಿಂಬೆ ರಸದ ಬಣ್ಣ. ಸೂಜಿ ದಾರೀಲಿ ಸಣ್ಣ ರಕ್ತನಾಳಕ್ಕೆ ತಗುಲಿದ್ರೆ ಹೀಗಾಗತ್ತೆ, ಪರವಾಗಿಲ್ಲ ಅಂದ್ರು. ಬೇರೆ ಟೆಸ್ಟುಗಳಿಗೆ ಪರವಾಗಿಲ್ಲವೇನೋ, ಈ ಟೆಸ್ಟ್‌ಗೆ ಮಾತ್ರ ಅದೇ ದೊಡ್ಡ ಅಡ್ಡಿ. ಅದು ನನಗೆ ಗೊತ್ತಾಗೋಕೆ ಹದಿನೈದು ದಿನ ಹಿಡೀತು.

ಸ್ಯಾಂಪಲ್ ಹೋಗೋದು ಕ್ಲೀವ್‌ಲ್ಯಾಂಡ್‌ನಲ್ಲಿ ಕೇಸ್ ವೆಸ್ಟರ್ನ್ ಯೂನಿವರ್ಸಿಟೀಲಿರೋ ನ್ಯಾಷನಲ್ ಪ್ರಿಯಾನ್ ಡಿಸೀಸ್ ಪ್ಯಾಥಾಲಜಿ ಸರ್ವೇಲೆನ್ಸ್ ಸೆಂಟರ್‌ಗೆ. 1997ರಿಂದ ಇದೆ. ನಮ್ಮನೆಯಿಂದ ಮೂರು ಗಂಟೆ ಡ್ರೈವ್, ಎಷ್ಟೋ ಸಲ ನಾನೇ ತಗೊಂಡ್ಹೋಗಿ ಕೊಟ್ಟು ಬಂದ್ಬಿಡ್ಲಾ ಅನ್ಸಿತ್ತು. ಹಾಗೆ ಮಾಡೋಕಾಗಲ್ಲ. ಆಸ್ಪತ್ರೆ ಲ್ಯಾಬೇ ಅದನ್ನ ಫ್ರೀಜ್ ಮಾಡಿ, ಡ್ರೈ ಐಸ್‌ನಲ್ಲಿಟ್ಟು, ಅವ್ರ ಫಾರ್ಮ್ ತುಂಬಿ ಕೊರಿಯರ್ ಮಾಡ್ಬೇಕು. ನಮ್ಮ ಆಸ್ಪತ್ರೆ ಲ್ಯಾಬಲ್ಲಿ ಇಂಥ ಸ್ಯಾಂಪಲ್ ಬರೋದೇ ಅಪರೂಪವಂತೆ, ಯಾವ ಫಾರ್ಮು ಅಂತ ಹುಡುಕೋದ್ರಲ್ಲೇ ಎರಡು ದಿನ ಹೋಯ್ತು, ಅಷ್ಟರಲ್ಲಿ ಶುಕ್ರವಾರ. ವಾರಾಂತ್ಯದಲ್ಲಿ ಡ್ರೈ ಐಸ್ ಕರಗಿ ಕೆಟ್ಟೋಗತ್ತೆ ಅಂತ ಶುಕ್ರವಾರ ಕಳಿಸಲ್ಲ. ಕಳಿಸಿದ್ದು 12ನೇ ತಾರೀಖು ಮಂಗಳವಾರ. ನಿಮ್ಮದಾದ್ರೆ ಸೋಮವಾರ ಮಂಗಳವಾರ ನೀರು ತೆಗೆಯೋ ಹಾಗೆ ಕೇಳಿ ನೋಡಿ, ಟ್ರ್ಯಾಕಿಂಗ್ ನಂಬರ್ ಕೂಡ ಕೇಳಿ, ನನಗೆ ಕೊಟ್ರು.

ಕಾಯೋ ದಿನಗಳಲ್ಲಿ ಐದು ದಿನ ಸ್ಟೀರಾಯ್ಡ್ ಡ್ರಿಪ್ ಕೊಟ್ರು, ಆಟೋಇಮ್ಯೂನ್ ಆಗಿದ್ರೆ ಸುಧಾರಿಸ್ತಾರೆ ಅಂತ. ಎರಡನೇ ದಿನ ಎದ್ದು ಕೂತು ಉಪ್ಪಿಟ್ಟು ಕೇಳಿದ್ರು. ನಾನು ಕುಣಿದಾಡ್ಬಿಟ್ಟೆ, ಊರಿಗೆಲ್ಲಾ ಫೋನ್ ಮಾಡಿದೆ. ನಾಲ್ಕನೇ ದಿನ ಮಗಳ ಹೆಸರು ಮರ್ತಿದ್ರು.

ಟೆಸ್ಟ್ ಏನು ಅಂತ ಮಗ ಓದಿ ಹೇಳಿದ, ನನಗೆ ತಿಳಿದ ಹಾಗೆ ಹೇಳ್ತೀನಿ. ಮೂರು ನೋಡ್ತಾರೆ. 14-3-3 ಅನ್ನೋ ಪ್ರೋಟೀನ್, ಟಾವ್ ಅನ್ನೋ ಇನ್ನೊಂದು, ಇವೆರಡೂ ಮಿದುಳಿನ ಜೀವಕೋಶ ವೇಗವಾಗಿ ಸಾಯ್ತಿದ್ರೆ ನೀರಲ್ಲಿ ಏರತ್ತೆ. ಆದ್ರೆ ಸ್ಟ್ರೋಕ್ ಆದ್ರೂ, ಫಿಟ್ಸ್ ಬಂದ್ರೂ, ಮಿದುಳಿಗೆ ಸೋಂಕು ತಗುಲಿದ್ರೂ ಏರಬಹುದು, ಹಾಗಾಗಿ ಅವೆರಡನ್ನೇ ನಂಬೋ ಹಾಗಿಲ್ಲ. ಮೂರನೇದು ಆರ್‌ಟಿ ಕ್ವಿಕ್, ಅದೇ ಮುಖ್ಯ. ಹಾಲಿಗೆ ಹೆಪ್ಪು ಹಾಕೋದು ಗೊತ್ತಲ್ಲ, ಪಾತ್ರೆ ತುಂಬಾ ಹಾಲಿಗೆ ಒಂದು ತೊಟ್ಟು ಮಜ್ಜಿಗೆ ಬಿದ್ರೆ ಅಷ್ಟೂ ಮೊಸರಾಗತ್ತೆ. ಇಲ್ಲೂ ಹಾಗೇ, ಲ್ಯಾಬಲ್ಲಿ ತಯಾರಿಸಿದ ಒಳ್ಳೇ ಪ್ರಿಯಾನ್ ಪ್ರೋಟೀನ್‌ಗೆ ರೋಗಿಯ ಬೆನ್ನಿನ ನೀರು ಕೆಲವು ಹನಿ ಹಾಕಿ, ಅಲ್ಲಾಡಿಸ್ತಾ ನಿಲ್ಲಿಸ್ತಾ ಗಂಟೆಗಟ್ಟಲೆ ಬೆಚ್ಚಗಿಡ್ತಾರೆ. ಆ ನೀರಲ್ಲಿ ಕೆಟ್ಟ ಮಡಿಕೆಯ ಪ್ರಿಯಾನ್ ಲವಲೇಶ ಇದ್ರೂ ಒಳ್ಳೇದೆಲ್ಲಾ ಕೆಟ್ಟದರ ಥರ ತಿರುಗಿ ಎಳೆ ಎಳೆಯಾಗಿ ಕೂಡ್ಕೊಳ್ಳತ್ತೆ, ಅದಕ್ಕೆ ಅಂಟೋ ಒಂದು ಬಣ್ಣ ಹಾಕಿರ್ತಾರೆ, ಅದು ಹೊಳೆಯತ್ತೆ, ಮಿಷಿನ್ ಆ ಹೊಳಪನ್ನ ಅಳೆಯತ್ತೆ. ಅತ್ತೆಗೆ ಈ ಹೆಪ್ಪಿನ ಮಾತು ಹೇಳಿದ್ಮೇಲೆ ಒಂದೇ ಸಲಕ್ಕೆ ಅರ್ಥ ಆಯ್ತು, "ಹಂಗಾದ್ರೆ ಒಳಗೆ ಹೆಪ್ಪು ಬಿದ್ದೈತೋ ಇಲ್ವೋ ನೋಡ್ತಾರೆ" ಅಂದ್ರು. ಇಲ್ಲಿನ ರೋಗಿಗಳಿಗೆ ಈ ಟೆಸ್ಟ್ ಸಿಗೋಕೆ ಶುರುವಾಗಿದ್ದು 2015ರಲ್ಲಿ. ಅದಕ್ಕೆ ಮುಂಚೆ ಈ ಸ್ಥಿತೀಲಿದ್ದವರ ಮನೆಯವರು ಅನುಮಾನದಲ್ಲೇ ಕೊನೇವರೆಗೂ ದಿನ ತಳ್ಳಿರ್ಬೇಕು ಅಂತ ನೆನೆಸ್ಕೊಂಡ್ರೆ ಸಂಕಟ ಆಗತ್ತೆ.

ನವೆಂಬರ್ 21ಕ್ಕೆ ಉತ್ತರ ಬಂತು. ಪಾಸಿಟಿವ್ವೂ ಅಲ್ಲ, ನೆಗೆಟಿವ್ವೂ ಅಲ್ಲ. ಸ್ಯಾಂಪಲ್‌ನಲ್ಲಿ ರಕ್ತ ಇದೆ, ಇದ್ರ ಮೇಲೆ ಏನೂ ಹೇಳೋಕಾಗಲ್ಲ, ಇನ್ನೊಂದು ಕಳಿಸಿ. ರಕ್ತದಲ್ಲಿರೋದು ಆರ್‌ಟಿ ಕ್ವಿಕ್ ನಡೆಯೋಕೆ ಬಿಡಲ್ಲ, ಹೆಪ್ಪು ಇದ್ರೂ ಹಾಲು ಹಾಗೇ ಉಳಿದ ಹಾಗೆ. ಇನ್ನೊಂದು ಕಡೆ ರಕ್ತದಿಂದಾನೇ 14-3-3 ಸುಳ್ಳು ಸುಳ್ಳೇ ಜಾಸ್ತಿ ಕಾಣಬಹುದು. ನಾನು ಆಸ್ಪತ್ರೆ ಕಾರಿಡಾರ್‌ನಲ್ಲಿ ಗೋಡೆಗೆ ಒರಗಿ ಕೂತ್ಬಿಟ್ಟೆ. ನಾಲ್ಕು ಸಲ ಚುಚ್ಚಿಸ್ಕೊಂಡಿದ್ದೆಲ್ಲಾ ಹೊಳೇಲಿ ಹುಣಸೇಹಣ್ಣು ತೊಳೆದಂಗಾಯ್ತಲ್ಲ ಅಂತ.

ಮಗ ಇನ್ನೊಂದು ಸಲ ಬೇಡ ಅಂದ. "ಗೊತ್ತಾಗಿ ಏನ್ಮಾಡ್ತೀಯಮ್ಮ, ಅಪ್ಪಂಗೆ ಮತ್ತೆ ನೋವು ಕೊಡ್ಬೇಡ." ಅವನ ಮಾತಲ್ಲೂ ನ್ಯಾಯ ಇತ್ತು. ನಾನು ಮಾತ್ರ ಬೇಕು ಅಂದೆ. ಗೊತ್ತಾಗದಿದ್ರೆ ಸ್ಟೀರಾಯ್ಡ್ ಆಯ್ತು, ಇನ್ನು ಪ್ಲಾಸ್ಮಾ ಬದಲಾಯಿಸೋಣ, ಇನ್ನೊಂದು ಕೊಡೋಣ ಅಂತ ಆಸ್ಪತ್ರೇಲೇ ಅವ್ರ ಉಳಿದ ದಿನ ಕಳೆದುಹೋಗತ್ತೆ. ಗೊತ್ತಾದ್ರೆ ಮನೆಗೆ ಕರ್ಕೊಂಡು ಹೋಗ್ಬಹುದು. ಈಗಲೂ ಆ ತೀರ್ಮಾನ ಸರಿ ಅಂತಲೇ ನನ್ನ ಮನಸ್ಸು ಹೇಳತ್ತೆ.

ಈ ಸಲ ಏನೇನು ಕೇಳ್ಬೇಕು ಅಂತ ಗೊತ್ತಿತ್ತು. ಸಿಜೆಡಿ ಫೌಂಡೇಶನ್ ಅಂತ ಇದೆ, ಅವ್ರ ಸಹಾಯವಾಣಿಗೆ ಫೋನ್ ಮಾಡಿದ್ರೆ ತಾಳ್ಮೆಯಿಂದ ಮಾತಾಡ್ತಾರೆ, ನನ್ನ ಹತ್ರ ಒಂದು ಗಂಟೆ ಮಾತಾಡಿದ್ರು. ನಾನು ಚೀಟೀಲಿ ಬರ್ಕೊಂಡು ಹೋಗಿ ಡಾಕ್ಟ್ರಿಗೆ ಕೇಳಿದ್ದು ಇಷ್ಟು. ಹಾಸಿಗೆ ಮೇಲೆ ಬೇಡ, ರೇಡಿಯಾಲಜೀಲಿ ಎಕ್ಸ್‌ರೇಲಿ ನೋಡ್ಕೊಂಡು ಸೂಜಿ ಹಾಕಿ, ಅನುಭವ ಇರೋರೇ ಹಾಕ್ಲಿ. ಮೊದಲು ಬರೋ ಸುಮಾರು ಎರಡು ಎಂಎಲ್ ನೀರನ್ನ ಈ ಟೆಸ್ಟ್‌ಗೆ ಕಳಿಸ್ಬೇಡಿ, ರಕ್ತ ಇದ್ರೆ ಅದ್ರಲ್ಲೇ ಜಾಸ್ತಿ ಇರತ್ತೆ, ಆಮೇಲೆ ತಿಳಿಯಾಗಿ ಬಂದಿದ್ದನ್ನ ಕಳಿಸಿ. ತೆಗೆದ ಕೂಡ್ಲೇ ಫ್ರೀಜ್ ಮಾಡಿ. ಕ್ಲೋಪಿಡೋಗ್ರೆಲ್ ಮಾತ್ರೆ ಮತ್ತೆ ಶುರು ಮಾಡಿರ್ಲಿಲ್ಲ, ಹಾಗಾಗಿ ಅದಕ್ಕೆ ಇನ್ನೊಂದು ವಾರ ಕಾಯೋದು ತಪ್ತು. ಹೀಗೆ ಕೇಳಿದ್ರೆ ಡಾಕ್ಟ್ರು ಏನಂದ್ಕೊಳ್ತಾರೋ ಅಂತ ನಮ್ಮವರು ಹಿಂಜರೀತೀವಿ. ಕೇಳಿ. ನಮ್ಮ ನ್ಯೂರಾಲಜಿಸ್ಟ್ ಚೀಟಿ ಇಸ್ಕೊಂಡು ತಾನೇ ಆರ್ಡರ್‌ನಲ್ಲಿ ಬರೆದ್ರು. ಊರಲ್ಲಿರೋರಾದ್ರೂ ಅಷ್ಟೇ, ಸ್ಯಾಂಪಲ್ ಯಾವ ಲ್ಯಾಬ್‌ಗೆ ಹೋಗತ್ತೆ, ಆರ್‌ಟಿ ಕ್ವಿಕ್ ಮಾಡ್ತಾರಾ ಬರೀ 14-3-3 ಅಷ್ಟೇನಾ ಅಂತ ಮೊದಲೇ ಕೇಳ್ಕೊಳ್ಳಿ.

ನವೆಂಬರ್ 27, ಇಲ್ಲಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ದಿನ. ಈ ಸಲ ಒಪ್ಪಿಗೆ ಪತ್ರಕ್ಕೆ ಸಹಿ ನಂದು. ನನ್ನನ್ನ ಒಳಗೆ ಬಿಡಲ್ಲ ಅಂದ್ರು, ಆಮೇಲೆ ಅವ್ರು ಬೆಚ್ಚಿಬೀಳೋದು ನೋಡಿ ಸೀಸದ ಏಪ್ರನ್ ಕೊಟ್ಟು ತಲೆ ಹತ್ರ ನಿಲ್ಲಿಸಿದ್ರು. ಒಂದೇ ಸಲಕ್ಕೆ ಸೂಜಿ ಹೋಯ್ತು. ಟ್ಯೂಬಿಗೆ ಬಿದ್ದಿದ್ದು ಬಾವಿ ನೀರಿನ ಹಾಗೆ ತಿಳಿ. ಆಮೇಲೆ ತಲೆನೋವು ಬರ್ಬಾರದು ಅಂತ ಮಲಗಿಸಿ ಚೆನ್ನಾಗಿ ನೀರು ಕಾಫಿ ಕುಡಿಸಿದ್ವಿ, ಬರ್ಲಿಲ್ಲ. ಹಬ್ಬದ ರಜ ಅಂತ ಸ್ಯಾಂಪಲ್ ಫ್ರೀಜರ್‌ನಲ್ಲೇ ಇತ್ತು, ಡಿಸೆಂಬರ್ 2ರ ಸೋಮವಾರ ಹೊರಡ್ತು.

ನಡುವೆ ಇನ್ನೊಂದು ನೋವು ಹೇಳ್ಬೇಕು. ಪ್ರಿಯಾನ್ ಕಾಯಿಲೆ ಅಂತ ಆಸ್ಪತ್ರೇಲಿ ಸುದ್ದಿ ಹರಡಿದ್ಮೇಲೆ ಅಲ್ಲಿ ಕೆಲಸ ಮಾಡೋ ಕೆಲವರು ಎರಡೆರಡು ಗೌನ್ ಹಾಕ್ಕೊಂಡು ಬರೋಕೆ ಶುರು ಮಾಡಿದ್ರು, ಒಬ್ರು ಊಟದ ತಟ್ಟೆ ಬಾಗಿಲಲ್ಲೇ ಇಟ್ಟು ಹೋದ್ರು. ಮುಟ್ಟಿದ್ರೆ, ಜೊತೇಲಿ ಉಂಡ್ರೆ, ಕೆಮ್ಮಿದ್ರೆ ಇದು ಹರಡಲ್ಲ. ಮಿದುಳು, ಬೆನ್ನುಹುರಿ ಮುಟ್ಟೋ ಆಪರೇಷನ್ ಸಾಮಾನಿಗೆ ವಿಶೇಷ ಎಚ್ಚರ ಬೇಕು, ಯಾಕಂದ್ರೆ ಮಾಮೂಲಿ ಕುದಿಸೋದಕ್ಕೆ, ಫಾರ್ಮಲಿನ್‌ಗೆ ಪ್ರಿಯಾನ್ ಸಾಯಲ್ಲ. ಪಕ್ಕದಲ್ಲಿ ಕೂತು ಕೈ ಹಿಡಿಯೋದಕ್ಕೆ ಯಾವ ಗೌನೂ ಬೇಡ. ನಾನು ಕೊನೇ ದಿನದವರೆಗೂ ಅವ್ರ ಹಣೆಗೆ ಮುತ್ತು ಕೊಟ್ಟೆ, ನನ್ನ ಕೈಯಾರೆ ತುತ್ತು ಕೊಟ್ಟೆ. ಇನ್ನು ಊರಿಂದ ಬಂದ ಪ್ರಶ್ನೆ, "ಹುಚ್ಚು ಹಸು ರೋಗವಂತೆ, ಅಲ್ಲಿ ಏನು ತಿಂದ್ರಿ?" ನಮ್ಮನೇಲಿ ಮೊಟ್ಟೇನೂ ತರಲ್ಲ. ದನದ ಮಾಂಸದಿಂದ ಬಂದಿದ್ದು ಬೇರೆ ಬಗೆ, 1996ರಲ್ಲಿ ಇಂಗ್ಲೆಂಡಲ್ಲಿ ಗೊತ್ತಾಗಿದ್ದು. ಸಿಜೆಡಿ ಬಂದವರಲ್ಲಿ ನೂರಕ್ಕೆ ಸುಮಾರು 85 ಜನಕ್ಕೆ ಊಟದಿಂದಲ್ಲ, ಯಾರಿಂದಲೂ ಅಲ್ಲ, ತಾನಾಗೇ ಬರತ್ತೆ.

ಡಿಸೆಂಬರ್ 11ಕ್ಕೆ ರಿಪೋರ್ಟ್. ಅದು ಮನೆಯವರಿಗೆ ನೇರ ಬರಲ್ಲ, ಕಳಿಸಿದ ಡಾಕ್ಟ್ರಿಗೆ ಹೋಗತ್ತೆ, ಹಾಗಾಗಿ ಅವ್ರ ಆಫೀಸಿಗೆ ದಿನಾ ಫೋನ್ ಮಾಡ್ತಿದ್ದೆ. 14-3-3 ಪಾಸಿಟಿವ್, ಟಾವ್ ಮಾಮೂಲಿಗಿಂತ ಎಷ್ಟೋ ಪಟ್ಟು, ಆರ್‌ಟಿ ಕ್ವಿಕ್ ಪಾಸಿಟಿವ್. ಪ್ರಿಯಾನ್ ಕಾಯಿಲೆ ಇರೋ ಸಾಧ್ಯತೆ ನೂರಕ್ಕೆ 98ಕ್ಕಿಂತ ಜಾಸ್ತಿ. ಡಾಕ್ಟ್ರು ಕುರ್ಚಿ ಎಳ್ಕೊಂಡು ಎದುರಿಗೆ ಕೂತು ಹೇಳಿದ್ರು, ಅವಸರ ಮಾಡ್ಲಿಲ್ಲ. ನಾನು ಅಳ್ಲಿಲ್ಲ ಆಗ. ಅದೆಂಥದೋ ಒಂದು ನಿರಾಳ ಬಂತು, ಆ ನಿರಾಳ ಬಂತಲ್ಲ ಅಂತ ರಾತ್ರಿ ಅತ್ತುಬಿಟ್ಟೆ. ಒಂದು ವಿಷಯ ತಿಳ್ಕೊಳ್ಳಿ, ಈ ಟೆಸ್ಟ್ ಪಾಸಿಟಿವ್ ಬಂದ್ರೆ ಸುಳ್ಳಾಗೋದು ತೀರಾ ಅಪರೂಪ, ಆದ್ರೆ ನೆಗೆಟಿವ್ ಬಂತು ಅಂತ ಕಾಯಿಲೆ ಇಲ್ಲ ಅನ್ನೋಕಾಗಲ್ಲ, ಕೆಲವರಲ್ಲಿ ತಪ್ಪಿಸ್ಕೊಳ್ಳತ್ತೆ. ಇನ್ನೊಂದು, ಇದು ವಂಶದಲ್ಲಿ ಬಂದಿದ್ದಾ ಇಲ್ವಾ ಅಂತ ಬೆನ್ನಿನ ನೀರು ಹೇಳಲ್ಲ. ಅದಕ್ಕೆ ರಕ್ತದಿಂದ ಜೀನ್ ಟೆಸ್ಟ್ ಬೇರೆ ಮಾಡ್ಬೇಕು. ನಮ್ಮಿಬ್ರು ಮಕ್ಕಳ ಮುಖ ನೋಡಿದಾಗೆಲ್ಲಾ ನನ್ನನ್ನ ಕೊರೀತಿದ್ದಿದ್ದು ಅದೇ.

16ಕ್ಕೆ ಮನೆಗೆ ಕರ್ಕೊಂಡು ಬಂದ್ವಿ, ಕೊನೇ ದಿನಗಳಲ್ಲಿ ನೋವು ಕಮ್ಮಿ ಮಾಡಿ ನೋಡ್ಕೊಳ್ಳೋ ಹಾಸ್ಪಿಸ್‌ನವರು ಹಾಸಿಗೆ, ಔಷಧಿ ಎಲ್ಲಾ ಮನೆಗೇ ತಂದ್ರು. ಖರ್ಚು ಕೇಳೋರಿಗೆ: ನಮ್ಮದು ಕಂಪನಿ ಇನ್ಶೂರೆನ್ಸ್, ವರ್ಷಕ್ಕೆ ನಾವು ಕೈಯಿಂದ ಕಟ್ಟೋ ಮಿತಿ 7,500 ಡಾಲರ್ ನವೆಂಬರ್‌ಗೇ ಮುಗಿದಿತ್ತು, ಆಮೇಲಿಂದು ಇನ್ಶೂರೆನ್ಸ್‌ನವರೇ ಕಟ್ಟಿದ್ರು. ಪಾರ್ಕಿಂಗ್ ದಿನಕ್ಕೆ 12 ಡಾಲರ್ ಐವತ್ತು ದಿನ, ಅದನ್ನ ಯಾರೂ ಕೊಡಲ್ಲ, ಆದ್ರೆ ಸೋಷಿಯಲ್ ವರ್ಕರ್ ಹತ್ರ ಕೇಳಿದ್ರೆ ಪಾಸ್ ಸಿಗತ್ತೆ ಅಂತ ಕೊನೇ ವಾರ ಗೊತ್ತಾಯ್ತು. ಕೆಲಸ ಮಾಡೋಕಾಗದವರಿಗೆ ಇಲ್ಲಿನ ಸರ್ಕಾರ ಕೊಡೋ ಸೋಷಿಯಲ್ ಸೆಕ್ಯುರಿಟಿ ಡಿಸೆಬಿಲಿಟಿ ಹಣಕ್ಕೆ ಅರ್ಜಿ ಹಾಕೋವಾಗ ಸಿಜೆಡಿ ಅಂತ ಬರೆದ್ರೆ ಬೇಗ ತೀರ್ಮಾನ ಮಾಡೋ ಕಾಯಿಲೆಗಳ ಪಟ್ಟೀಲಿ ಅದಿದೆ, ರಿಪೋರ್ಟ್ ಪ್ರತಿ ಲಗತ್ತಿಸಿ.

ಅಟಾಪ್ಸಿ, ಅಂದ್ರೆ ಹೋದ್ಮೇಲೆ ದೇಹ ಕೊಯ್ದು ನೋಡೋ ಪರೀಕ್ಷೆ, ಅದ್ರ ವಿಚಾರ ಬದುಕಿದ್ದಾಗಲೇ ಮಾತಾಡೋದು ಎಷ್ಟು ಕಷ್ಟ ಅಂತ ಹೇಳೋಕಾಗಲ್ಲ. ಆದ್ರೆ ನೂರಕ್ಕೆ ನೂರು ಗೊತ್ತಾಗೋದು ಮಿದುಳನ್ನೇ ನೋಡಿದ್ರೆ, ಮತ್ತು ಮೊದಲೇ ಹೆಸರು ಕೊಟ್ಟು ಒಪ್ಪಿಗೆ ಪತ್ರ ಕಳಿಸಿದ್ರೆ ಕ್ಲೀವ್‌ಲ್ಯಾಂಡ್ ಸೆಂಟರ್‌ನವರೇ ಸಾಗಿಸೋ ಏರ್ಪಾಡು ಮಾಡಿ ಖರ್ಚೂ ನೋಡ್ಕೋತಾರೆ. ಮೈದುನ ವಿಡಿಯೋ ಕಾಲಲ್ಲಿ "ಅತ್ತಿಗೆ, ಶಾಸ್ತ್ರಕ್ಕೆ ಮುಂಚೆ ದೇಹ ಕೊಯ್ಯಿಸೋದಾ" ಅಂತ ಸಿಟ್ಟಾದ. ಅತ್ತೆ ಫೋನ್ ಇಸ್ಕೊಂಡು, ಮೊಮ್ಮಕ್ಕಳಿಗೆ ಏನೂ ಇಲ್ಲ ಅಂತ ಗೊತ್ತಾಗೋದಾದ್ರೆ ಮಾಡ್ಸು ಮಗಾ ಅಂದ್ರು. ಎಪ್ಪತ್ತೊಂಬತ್ತು ವರ್ಷದ ಹೆಂಗಸು, ಅರಸೀಕೆರೆ ಬಿಟ್ಟು ಹೊರಗೆ ಬಾಳಿದೋರಲ್ಲ. ಆವತ್ತು ಅವ್ರು ಆ ಮಾತು ಹೇಳ್ದೇ ಇದ್ದಿದ್ರೆ ನನಗೆ ಧೈರ್ಯ ಬರ್ತಿರ್ಲಿಲ್ಲ.

ಜನವರಿ 19, ಭಾನುವಾರ ಬೆಳಗಿನ ಜಾವ ಹೋದ್ರು. ಮೊದಲು ಕೇಳಿದ ಫ್ಯೂನರಲ್ ಹೋಮ್‌ನವರು ಸಿಜೆಡಿ ಅಂದ ಕೂಡ್ಲೇ ಆಗಲ್ಲ ಅಂದ್ರು, ಎರಡನೇ ಕಡೆ ಒಪ್ಪಿದ್ರು. ಇದನ್ನೂ ಮುಂಚೆನೇ ಕೇಳಿಟ್ಕೊಳ್ಳಿ. ಅಟಾಪ್ಸಿ ಆದ್ಮೇಲೆ ತಲೆ ಹಿಂದೆ ಹೊಲಿಗೆ, ದಿಂಬಿನ ಮೇಲೆ ಮಲಗಿಸಿದ್ರೆ ಏನೂ ಕಾಣ್ತಿರ್ಲಿಲ್ಲ. ಗಂಗಾಜಲ ಬಿಟ್ವಿ, ತುಳಸಿ ಇಟ್ವಿ, ಮಗ ಎಲ್ಲಾ ಮಾಡಿದ. ಫೆಬ್ರವರೀಲಿ ಶ್ರೀರಂಗಪಟ್ಟಣದಲ್ಲಿ ಬೂದಿ ಬಿಟ್ಟು ಬಂದ್ವಿ.

ಹೋದ ವಾರ ಬಂದ ರಿಪೋರ್ಟ್‌ನಲ್ಲಿ ಸ್ಪೊರಾಡಿಕ್, ಅಂದ್ರೆ ತಾನಾಗೇ ಬಂದಿದ್ದು ಅಂತಿದೆ, ಜೀನ್‌ನಲ್ಲಿ ದೋಷ ಇಲ್ಲ. ಮಕ್ಕಳಿಗೆ ಹೇಳಿ, ಅರಸೀಕೆರೆಗೆ ಫೋನ್ ಮಾಡ್ದೆ. ಅತ್ತೆ ಎಲ್ಲಾ ಕೇಳಿಸ್ಕೊಂಡು ಸುಮ್ನಿದ್ರು, ಆಮೇಲೆ ಕೇಳಿದ್ರು, "ಬೆನ್ನಲ್ಲಿ ನೀರು ತೆಗೆದ್ರಲ್ಲ, ಅವಂಗೆ ಬಾಳ ನೋವಾಯ್ತಾ?" ಮೊದಲನೇ ಸಲ ಆಯ್ತು ಅತ್ತೆ ಅಂದೆ, ಸುಳ್ಳು ಹೇಳೋಕೆ ಬಾಯಿ ಬರ್ಲಿಲ್ಲ. ಎರಡನೇ ಸಲ ನಾನು ಹತ್ರಾನೇ ಇದ್ದೆ, ಹಣೆ ಮೇಲೆ ಕೈ ಇಟ್ಟಿದ್ದೆ, ಸೂಜಿ ಹೋಗಿದ್ದೂ ಅವ್ರಿಗೆ ಗೊತ್ತಾಗ್ಲಿಲ್ಲ, ಮುಗೀತಾ ಅಂತ ಕೇಳಿದ್ರು, ಕನ್ನಡದಲ್ಲಿ.